ಬೇಲಿಯಡಿ ನುಸುಳಿದ ಹುಲ್ಲೆ

ಸೆಪ್ಟೆಂಬರ್ 21, ಬೆಳಿಗ್ಗೆ

ಮತ್ತೆ ಗಾಳಿ. ಕಾಫಿ ಕಹಿ. ಮ್ಯಾಕ್ಸಿನ್‌ಳದು ಅದೇ ರಾಗ — "ಈ ವಯಸ್ಸಲ್ಲಿ ಗಂಡ ಒಬ್ನೇ ಬೇಟೆಗೆ ಹೋಗ್ತಾನೆ ಅಂದ್ರೆ ಜನ ನಗ್ತಾರೆ. ಒಬ್ಬ ಗೈಡ್ ಇಟ್ಕೋಬಾರ್ದಾ?" ಸರ್ಕಾರಿ ಬಯಲಲ್ಲಿ ಹುಲ್ಲೆ ತೋರಿಸಲು ನನಗೆ ಇನ್ನೊಬ್ಬ ಬೇಕೆ? ಹುಟ್ಟಿದ್ದೇ ಈ ವಯೋಮಿಂಗ್ ಗಾಳಿಯಲ್ಲಿ. ಬೇಟೆಯ ಪರ್ಮಿಟ್‌ಗೆ ಚೀಟಿ ಎತ್ತುವಾಗ ಈ ಸಲವಾದರೂ ನನ್ನ ಹೆಸರು ಬಂತು. ಪರ್ಮಿಟ್ ಒಂದೇ ಹುಲ್ಲೆಗೆ. ಚಳಿಗಾಲದ ಮಾಂಸ ಅದೇ. ಫ್ರೀಜರ್ ಖಾಲಿ ಎಂದು ದಿನಾ ಗೊಣಗುವವಳೂ ಅವಳೇ.

ಅದೇ ದಿನ, ಮಧ್ಯಾಹ್ನ — ಪಿಕಪ್‌ನಲ್ಲಿ ಕೂತು

ಹೊಡೆದೆ. ಒಳ್ಳೆ ಗಂಡು. ಸರ್ಕಾರಿ ಬಯಲಲ್ಲೇ, ಬೇಲಿಯ ಈಚೆಗೇ ಇತ್ತು. ಗುಂಡು ತಗುಲಿದ ಮೇಲೂ ಓಡಿತು... ಕೆಳತಂತಿಯಡಿ ನುಸುಳಿ ಆಚೆ ಬಿತ್ತು. ಅದು ನೆರೆಯ ವರ್ನಾಳ ಜಮೀನು. ಬೇರೆ ಯಾರದಾದರೂ ಆಗಬಾರದಿತ್ತೇ! ಹಿಂದೊಮ್ಮೆ ಇದೇ ಬೇಲಿ ದಾಟಿದ್ದಕ್ಕೆ ಬೇಟೆ ಇಲಾಖೆಯ ವಾರ್ಡನ್‌ನನ್ನು ಕರೆಸಿದವಳು. ಅಂದಿನಿಂದ ಮಾತಿಲ್ಲ. ಕೇಳದೆ ದಾಟಿದರೆ ಪರ್ಮಿಟ್ ಹೋಗುತ್ತದೆ. ಕೇಳದೆ ಕೂತರೆ ಮಾಂಸ ಹೋಗುತ್ತದೆ — ಈ ಬಿಸಿಲಲ್ಲಿ ಬೇಗ ಸುಲಿಯದಿದ್ದರೆ ನಾಯಿಯೂ ಮೂಸುವುದಿಲ್ಲ. ಹೋಗುತ್ತೇನೆ. ಥೂ.

ಸಂಜೆ

ಏನೂ ಅರ್ಥವಾಗುತ್ತಿಲ್ಲ.

ಬಾಗಿಲು ತೆರೆದವಳೇ ವರ್ನಾ — "ಏನ್ ಎಲ್ಡನ್, ದಾರಿ ತಪ್ತಾ? ಗೈಡ್ ಇಲ್ದೆ ಓಡಾಡಿದ್ರೆ ಹೀಗೇ."

"ಹುಲ್ಲೆ ನಿನ್ನ ಕಡೆ ಬಿದ್ದಿದೆ. ತಗೋಬೇಕು. ಆಗುತ್ತೋ ಇಲ್ವೋ, ಅಷ್ಟ್ ಹೇಳು."

"ಎಲ್ಲಿ?"

"ಗಾಳಿಗೆ ತಿರುಗೋ ಆ ಹಳೇ ನೀರಿನ ಪಂಪಿನ ಹತ್ರ."

"ಆ ಜಾಗ ನಂದಲ್ಲ ಕಣೋ. ಬೇಸಿಗೇಲಿ ಸರ್ವೆಯವ್ರು ಬಂದಿದ್ರು. ನಮ್ಮಪ್ಪ ನೀರಿನ ಆಸೆಗೆ ಬೇಲೀನ ಸರ್ಕಾರಿ ಬಯಲೊಳಕ್ಕೆ ಎಳೆದ್ಬಿಟ್ಟಿದ್ದ. ಪಂಪು ದಾಟಿ ದಿಬ್ಬದವರೆಗೂ ಸರ್ಕಾರದ್ದೇ."

"ಹಾಗಾದ್ರೆ ಅವತ್ತು ವಾರ್ಡನ್ನ..."

"ಅವತ್ತು ನಂಗೇನ್ ಕನಸು ಬಿದ್ದಿತ್ತಾ? ಜಗಳ ಆಡ್ತೀಯೋ, ಮಾಂಸ ಉಳಿಸ್ಕೋತೀಯೋ?"

ಚಾಕು, ಐಸ್ ಪೆಟ್ಟಿಗೆ ಅವಳೇ ತಂದಳು. ನನಗಿಂತ ಬೇಗ ಸುಲಿದಳು. ಮಾಂಸ ಉಳಿಯಿತು. ಕೂಗಾಡಬೇಕಿತ್ತು. ಒಂದು ತೊಡೆ ಕೊಟ್ಟು ಬಂದೆ. ಯಾಕೆ ಕೊಟ್ಟೆ?

ಸೆಪ್ಟೆಂಬರ್ 25

ಮ್ಯಾಕ್ಸಿನ್ ಈರುಳ್ಳಿ ಹಾಕಿ ಹುರಿದಳು. ರುಚಿಯಾಗಿತ್ತು. ನುಂಗುವಾಗ ಮಾತ್ರ ಆ ಬೇಲಿಯದೇ ನೆನಪು. ಇಷ್ಟು ವರ್ಷ ಬೈದದ್ದೂ ಅದನ್ನೇ. ನಂಬಿ ಹಿಂದಿರುಗಿದ್ದೂ ಅದನ್ನೇ. ತಪ್ಪು ವರ್ನಾಳದೋ, ಸತ್ತ ಅವಳಪ್ಪನದೋ? ಯಾರ ಮೇಲೆ ಸಿಟ್ಟು ಮಾಡಲಿ?

ಸೆಪ್ಟೆಂಬರ್ 29

ವರ್ನಾಳ ಫೋನ್. "ಭಾನುವಾರ ಬಾ. ಆ ಬೇಲಿ ತಂತಿ ಕೀಳ್ಬೇಕು. ನಿನ್ ಇಕ್ಕಳ ತಗೊಂಡ್ ಬಾ. ನಂದು ತುಕ್ಕು ಹಿಡಿದಿದೆ, ನಿನ್ ಥರಾನೇ."

ಆಗಲ್ಲ ಎಂದೆ. ಫೋನ್ ಇಟ್ಟುಬಿಟ್ಟೆ.

ಭಾನುವಾರ

ಇಕ್ಕಳ ಪಿಕಪ್‌ನಲ್ಲಿದೆ. ಹೋಗುತ್ತೇನೆ ಎಂದಲ್ಲ. ಇಂಜಿನ್ ಆನ್ ಮಾಡಿದ್ದು ಚಳಿಗೆ. ಮ್ಯಾಕ್ಸಿನ್ ಕಿಟಕಿಯಿಂದ ಕೂಗುತ್ತಿದ್ದಾಳೆ — "ಎಲ್ಲಿಗ್ರೀ ಸವಾರಿ?" ಏನೆನ್ನಲಿ? ವರ್ನಾಳ ಜಮೀನಿಗೆ ಅನ್ನಲು ಅದು ಅವಳದಲ್ಲ. ಬೇಟೆಗೆ ಅನ್ನಲು ಪರ್ಮಿಟ್ ಮುಗಿದಿದೆ. ಸುಮ್ಮನೆ ಒಂದು ಬೇಲಿ ಕೀಳಲು ಎನ್ನುತ್ತೇನೆ.