ಆಣೆ ಇಳಿಸಲು ಒಮ್ಮೆ ಬನ್ನಿ

ಮಾನ್ಯ ಶಾಸಕರೇ,

ರಾಜೀನಾಮೆ ಕೊಟ್ಟ ಮೇಲೆ ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯದೆ ಹಳೆಯ ರೂಢಿಯಂತೆಯೇ ಕರೆದಿದ್ದೇನೆ. ನೀವು ಎದುರು ಪಕ್ಷ ಸೇರಿದಿರಿ. ಆ ಪಕ್ಷದವರ ಮನೆಯ ನೀರು ಕುಡಿಯುವುದಿಲ್ಲವೆಂದು ನಿಮಗಾಗಿ ಆಣೆ ಮಾಡಿದ ನನ್ನ ಗಂಡ ಇನ್ನೂ ಆ ಆಣೆಯೊಳಗೇ ಇದ್ದಾರೆ. ನನ್ನ ತಕರಾರು ಇಷ್ಟೇ.

ನಿಮಗೆ ನೆನಪಿರಲಿಕ್ಕಿಲ್ಲ. ಹಿಂದಿನ ಚುನಾವಣೆಯಲ್ಲಿ ನಮ್ಮೂರ ಗ್ರಾಮದೇವಿ ಗುಡಿಯ ಮುಂದೆ ನಿಮ್ಮ ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದಿರಿ. ಯಾರೋ ಒಳಗೊಳಗೇ ಎದುರಿನವರ ಕೆಲಸ ಮಾಡುತ್ತಿದ್ದಾರೆಂಬ ಸಂಶಯ ನಿಮಗಿತ್ತು. ಭಂಡಾರದ ತಟ್ಟೆಯನ್ನು ನೀವೇ ಹಿಡಿದಿದ್ದಿರಿ. ಒಬ್ಬೊಬ್ಬರೂ ಅರಿಸಿನವನ್ನು ಮುಷ್ಟಿಯಲ್ಲಿ ಹಿಡಿದು, "ಅವರ ಮನಿ ಮೆಟ್ಟಲಾ ಹತ್ತೂದಿಲ್ಲ, ಅವರ ನೀರ ಕುಡಿಯೂದಿಲ್ಲ, ನಾನೂ ನನ್ನ ಮನಿಯವರೂ" ಎಂದರು. ನಾನಾಗ ಬಸುರಿ, ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದೆ. ನನ್ನ ಗಂಡ ಲೋಹಿತ ಒಂದು ಗಳಿಗೆ ತಡೆದರು. ನೀವು ಅವರ ಬೆನ್ನ ಮೇಲೆ ಕೈಯಿಟ್ಟು, "ಯಾಕಪಾ, ಕೈ ನಡಗಾಕ ಹತ್ತೇತಿ?" ಎಂದಿರಿ. ಎಲ್ಲರೂ ನಕ್ಕರು. ಅವರು ಮುಷ್ಟಿ ಕಟ್ಟಿದರು.

ಕೈ ನಡುಗಿದ್ದಕ್ಕೆ ಕಾರಣವಿತ್ತು. ಎದುರು ಪಕ್ಷದ ಏಜೆಂಟರಾಗಿದ್ದ ಅಯ್ಯೂಬ ನಮ್ಮ ಪಕ್ಕದ ಮನೆಯವರು. ಎರಡು ಮನೆಗೂ ನಡುವೆ ಒಂದೇ ಗೋಡೆ. ನನ್ನ ಗಂಡನೂ ಅವರೂ ಶಾಲೆಯಲ್ಲಿ ಒಂದೇ ಬೆಂಚು. ನನ್ನ ಮದುವೆಯ ಪಾತ್ರೆಪಡಗ ತವರೂರು ಅಸುಂಡಿಯಿಂದ ಬಂದದ್ದೇ ಅವರ ಟಂಟಂ ಗಾಡಿಯಲ್ಲಿ. ಆ ವರ್ಷದ ರೊಟ್ಟಿ ಪಂಚಮಿಗೆ ಅವರ ಹೆಂಡತಿ ನಸ್ರೀನ ಎಂದಿನಂತೆ ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಯದ ತಟ್ಟೆಯನ್ನು ಹಿತ್ತಲ ಗೋಡೆಯ ಮೇಲಿಟ್ಟು ನನ್ನ ಹೆಸರು ಕೂಗಿದಳು. ಅಂದು ಎಲ್ಲರ ಮನೆಯ ರೊಟ್ಟಿ ಎಲ್ಲರ ಮನೆಗೆ ಹೋಗುತ್ತದೆ. ಯಾರೂ ಜಾತಿ ಕೇಳುವುದಿಲ್ಲ. ನಿಮ್ಮ ಆಣೆ ಪಕ್ಷ ಕೇಳಿತು. ರೊಟ್ಟಿಯನ್ನು ಅತ್ತೆ ಎಮ್ಮೆಗೆ ಹಾಕಿದರು. ತಟ್ಟೆಯನ್ನು ನಾನು ತೊಳೆದು ಗೋಡೆಯ ಮಾಡದಲ್ಲಿಟ್ಟೆ. ಖಾಲಿ ತಟ್ಟೆ ತಿರುಗಿ ಕೊಡುವ ಪದ್ಧತಿ ನಮ್ಮಲ್ಲಿಲ್ಲ, ತುಂಬಿಸಿ ಕೊಡಲು ಆಣೆ ಅಡ್ಡ. ಅದು ಇನ್ನೂ ಅಲ್ಲೇ ಇದೆ.

ಟಿಕೆಟ್ ಕೈತಪ್ಪುವುದು ಖಾತ್ರಿಯಾದ ವಾರವೇ ನಿಮಗೆ ಹಳೆಯ ಪಕ್ಷದಲ್ಲಿ ಉಸಿರುಗಟ್ಟತೊಡಗಿತು. ಕ್ಷೇತ್ರದ ಅಭಿವೃದ್ಧಿಗಾಗಿ ಎಂದಿರಿ, ಕಾರ್ಯಕರ್ತರ ಒತ್ತಾಯಕ್ಕೆ ಮಣಿದು ಎಂದಿರಿ. ಯಾವ ಕಾರ್ಯಕರ್ತರು, ಸ್ವಾಮಿ? ನಮ್ಮ ಮನೆಯಲ್ಲೊಬ್ಬರಿದ್ದಾರೆ, ಅವರನ್ನು ಯಾರೂ ಕೇಳಲಿಲ್ಲ. ಪತ್ರಿಕೆಯ ಚಿತ್ರದಲ್ಲಿ ಎದುರು ಪಕ್ಷದ ನಾಯಕರು ನಿಮ್ಮ ಬಾಯಿಗೆ ಪೇಡೆ ಇಡುತ್ತಿದ್ದರು. ಆ ಪುಟವನ್ನು ಗಂಡನ ಮುಂದಿಟ್ಟು, "ಇನ್ನ ಮುಗೀತಲ್ರಿ, ಸಾಹೇಬ್ರೇ ಅವರ ಪೇಡೆ ತಿಂದಾರ. ನೀವ ನೀರ ಕುಡದ್ರ ಏನಾಕ್ಕೈತಿ?" ಎಂದೆ. ಅವರು ಪುಟವನ್ನು ಮಡಚಿಟ್ಟರು. "ಅವರು ತಟ್ಟಿ ಹಿಡದಿದ್ರು. ಭಂಡಾರ ಹಿಡದಾಂವ ನಾ" ಎಂದು ಎದ್ದು ಹೋದರು.

ನಿಮ್ಮ ಪಕ್ಷಾಂತರಕ್ಕೆ ಕಾಯಿದೆ ಇದೆಯಂತೆ. ರಾಜೀನಾಮೆ ಕೊಟ್ಟರೆ ಹಾದಿ ಸಲೀಸಂತೆ. ಆಣೆಗೆ ರಾಜೀನಾಮೆಯನ್ನು ಯಾರ ಬಳಿ ಕೊಡಬೇಕು?

ನೀವು ಪಕ್ಷ ಬಿಟ್ಟ ಮುಂದಿನ ವಾರದಲ್ಲೇ ಒಂದು ಮಧ್ಯಾಹ್ನ ನನ್ನ ಮಗ ಅರ್ಜುನನಿಗೆ ಜ್ವರ ಏರಿ ಸೆಳವು ಬಂತು. ಕಣ್ಣು ಮೇಲೆ ಹೋದವು, ಹಲ್ಲು ಕಚ್ಚಿಕೊಂಡವು, ತುಟಿ ನೀಲಿಯಾಯಿತು. ಉಸಿರುಗಟ್ಟುವುದೆಂದರೆ ಏನೆಂದು ಅಂದು ನೋಡಿದೆ, ಮಾನ್ಯರೇ. ಆಂಬುಲೆನ್ಸ್ ಬೇರೆ ಊರಿಗೆ ಹೋಗಿತ್ತು. ಅಯ್ಯೂಬರ ಟಂಟಂ ಅವರ ಬಾಗಿಲಲ್ಲೇ ನಿಂತಿತ್ತು. ಕೂಸನ್ನೆತ್ತಿಕೊಂಡು ಓಡಿದ ನನ್ನ ಗಂಡ ಅವರ ಮನೆಯ ಮೆಟ್ಟಿಲ ಕೆಳಗೆ ನಿಂತುಬಿಟ್ಟರು. ಕಾಲು ಏಳಲಿಲ್ಲ, ಕೂಗಲು ಬಾಯಿಯೂ ಬರಲಿಲ್ಲ. ನಾನು ಕೂಸನ್ನು ಕಸಿದುಕೊಂಡು ಮೆಟ್ಟಿಲು ಹತ್ತಿದೆ. ನಸ್ರೀನ ಅವನನ್ನು ಮಗ್ಗುಲಿಗೆ ಮಲಗಿಸಿ ಅಂಗಿ ಸಡಿಲಿಸಿದಳು. ಅಯ್ಯೂಬ ಗಾಡಿ ಚಾಲೂ ಮಾಡಿ ಹಿಂದೆ ತಿರುಗಿ ನೋಡಿದರು.

"ಲೇ ಲೋಹಿತ, ಬಾ ಹತ್ತ. ಇದಕ್ಕ ಮೆಟ್ಟಲಾ ಇಲ್ಲ."

ಅವರು ಹತ್ತಿದರು. ಗಾಡಿ ಗದಗಿನ ಹಾದಿ ಹಿಡಿಯಿತು. ದವಾಖಾನೆಯಲ್ಲಿ ಮಗ ಕಣ್ಣು ಬಿಟ್ಟು "ಅವ್ವಾ, ನೀರ" ಎಂದ. ನಮ್ಮ ಹತ್ತಿರ ಇದ್ದದ್ದು ನಸ್ರೀನ ಕೊಟ್ಟ ಬಾಟಲಿ. ಅದನ್ನೇ ಕುಡಿಸಿದೆ. ಗಂಡ ಗೋಡೆಯತ್ತ ಮುಖ ಮಾಡಿ ನಿಂತರು.

"ಆಣಿ ಮುರೀತು. ಮತ್ತ ಕೂಸಿನ ಮ್ಯಾಲ ಬರತೈತಿ" ಎಂದು ಅತ್ತೆ ದಿನಾ ಅನ್ನುತ್ತಾರೆ. ಜ್ವರ ಏರಿದಾಗ ಕೆಲವು ಮಕ್ಕಳಿಗೆ ಹೀಗಾಗುತ್ತದೆ, ಬೆಳೆದಂತೆ ನಿಲ್ಲುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ನಾನು ಬಿ.ಎಸ್ಸಿ. ಓದಿದವಳು, ಡಾಕ್ಟರ ಮಾತೇ ಖರೆ ಎಂದು ಬಲ್ಲೆ. ಆದರೂ ನಿದ್ದೆ ಹತ್ತುವುದಿಲ್ಲ. ಮಗನ ಹಣೆ ಮುಟ್ಟಿ ಮುಟ್ಟಿ ನೋಡುತ್ತೇನೆ. ಮುಂದಿನ ಸಲ ಸೆಳವು ಬಂದಾಗ ನಾನು ಮನೆಯಲ್ಲಿಲ್ಲದಿದ್ದರೆ? ನನ್ನ ಗಂಡ ಕೂಸನ್ನು ಎತ್ತಿಕೊಂಡು ಆ ಮೆಟ್ಟಿಲ ಕೆಳಗೆ ನಿಂತೇ ಇದ್ದರೆ?

ಗುಡಿಯ ಪೂಜಾರಿ ಯಂಕಪ್ಪನವರನ್ನು ಕೇಳಿದೆ. "ಆಣಿ ಹಾಕಿಸಿದವರ ಬಂದು ಇಳಸಬೇಕವಾ. ಬ್ಯಾರೇದವರ ಕೈಲೆ ಆಗೂದಲ್ಲ" ಎಂದರು. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಮತ ಕೇಳಲು ಹೇಗೂ ಬರುತ್ತೀರಿ. ಹೊಸ ಪಕ್ಷದ ಶಾಲು ಹೊದ್ದೇ ಬನ್ನಿ. ಮೈಕು ಬಂದ್ ಮಾಡಿಸಿ, ಗುಡಿಯ ಮುಂದೆ ಅದೇ ತಟ್ಟೆ ಹಿಡಿದು, ಅಂದು ಸಾಲಾಗಿ ನಿಂತವರನ್ನೆಲ್ಲ ಕರೆದು ಆಣೆ ಇಳಿಸಿರಿ. ಆಮೇಲೆ ಅಯ್ಯೂಬರ ಮನೆಯ ಮೆಟ್ಟಿಲು ಹತ್ತಿ, ಈಗ ಅವರು ನಿಮ್ಮವರೇ ತಾನೆ, ನನ್ನ ಗಂಡ ನೋಡುವಂತೆ ಒಂದು ತಂಬಿಗೆ ನೀರು ಕುಡಿಯಿರಿ. ಮರುದಿನ ನೀವು ಯಾವ ಪಕ್ಷಕ್ಕೆ ಹೋದರೂ ನಾನು ಕೇಳುವುದಿಲ್ಲ.

ಮುಂದಿನ ಪಂಚಮಿಗೆ ನಸ್ರೀನಳ ತಟ್ಟೆಯನ್ನು ತುಂಬಿಸಿ ಗೋಡೆಯ ಮೇಲಿಡಬೇಕು. ಅಷ್ಟರೊಳಗೆ ಬನ್ನಿ.

ಇಂತಿ,
ನೀವು ಹಿಂದೆ ಬಿಟ್ಟುಹೋದ ಕಾರ್ಯಕರ್ತರೊಬ್ಬರ ಹೆಂಡತಿ, ಅರ್ಜುನನ ತಾಯಿ,
ಸೀಮಾ