ಅಮ್ಮನ ಫೋನಿಗೆ ಬರುತ್ತಿದ್ದ ಆರು ಅಂಕಿ

ರೀ,

ಇಸ್ತ್ರಿ ಅರ್ಧಕ್ಕೇ ಬಿಟ್ಟು ಹೊರಟಿದ್ದೇನೆ. ನಿಮ್ಮ ನೀಲಿ ಅಂಗಿ ಉಳಿದಿದೆ, ನೀವೇ ಮಾಡಿಕೊಳ್ಳಿ. ಅಡುಗೆ ಫ್ರಿಜ್ಜಿನಲ್ಲಿದೆ, ತಣ್ಣಗೇ ತಿನ್ನಬೇಡಿ.

ಊರಿನ ಬ್ಯಾಂಕಿನಲ್ಲಿರುವ ನನ್ನ ಉಳಿತಾಯವನ್ನು ಒಂದೇ ಸಲ ತರಿಸದೆ, ಚೂರುಚೂರಾಗಿ ತರಿಸಿ ಪ್ರತಿ ಸಲ ಶುಲ್ಕ ಯಾಕೆ ಸುರಿಯುತ್ತೀಯ ಎಂದು ನಿನ್ನೆಯೂ ರೇಗಿದಿರಿ. ಕಾರಣ ಇಲ್ಲಿ ಬರೆಯುತ್ತಿದ್ದೇನೆ.

ಈ ದೇಶಕ್ಕೆ ಬರುವಾಗ ಆ ಖಾತೆಗೆ ಅಮ್ಮನ ನಂಬರ್ ಕೊಟ್ಟು ಬಂದಿದ್ದೆ. ಹಣ ತರಿಸುವಾಗಲೆಲ್ಲ ಆರು ಅಂಕಿಯ ಕೋಡ್ ಅವಳ ಫೋನಿಗೆ ಬರುತ್ತಿತ್ತು. ಸುಮ್ಮನೆ ಮಾತಾಡಲು ಕರೆ ಮಾಡಿದರೆ "ದುಡ್ಡು ದಂಡ, ಇಡೇ" ಎನ್ನುತ್ತಿದ್ದವಳು, ಕೋಡ್ ಓದಲು ಮಾತ್ರ ಅರ್ಧ ಗಂಟೆ ಕೂರುತ್ತಿದ್ದಳು.

"ತಡಿ, ಕನ್ನಡಕ ಎಲ್ಲಿಟ್ಟೆ? ಮೂರು, ಒಂಬತ್ತು... ಇದು ಆರೋ ಎಂಟೋ? ಅಲ್ವೇ, ನಿಂದು ಊಟ ಆಯ್ತಾ?"

ಅಷ್ಟರಲ್ಲಿ ಕೋಡಿನ ಅವಧಿ ಮುಗಿದಿರುತ್ತಿತ್ತು. ಮತ್ತೆ ಮೊದಲಿನಿಂದ ಶುರು. ನನಗೆ ಬೇಕಾಗಿದ್ದೂ ಅದೇ.

ಅಮ್ಮ ಹೋಗಿ ತಿಂಗಳಾಯಿತು. ಮೊನ್ನೆ ತಮ್ಮ ಅದೇ ಫೋನ್ ಹಿಡಿದು ಆರೂ ಅಂಕಿಗಳನ್ನು ಒಂದೇ ಉಸಿರಿಗೆ ಓದಿ, "ಆಯ್ತಾ ಅಕ್ಕ? ಇನ್ನು ಈ ನಂಬರ್ ಬಂದ್ ಮಾಡಿಸ್ಲಾ?" ಎಂದ.

ಆ ಹಣವನ್ನೆಲ್ಲ ಒಂದೇ ಸಲ ತರಿಸಲು ನೀವು ತುಂಬಿಟ್ಟ ಬ್ಯಾಂಕಿನ ಫಾರಂ ನನ್ನ ಚೀಲದಲ್ಲಿದೆ. ದಾರಿಯಲ್ಲಿ ಅಂಚೆಗೆ ಹಾಕುತ್ತೇನೆ. 'ಪೂರ್ತಿ ಮೊತ್ತ' ಎಂದು ನೀವು ಬರೆದದ್ದನ್ನು ಹೊಡೆದುಹಾಕಿ, ಒಂದು ಸಾವಿರ ರೂಪಾಯಿ ಕಡಿಮೆ ಬರೆದಿದ್ದೇನೆ. ಅಷ್ಟು ಅಲ್ಲೇ ಇರಲಿ, ಖಾತೆ ಮುಚ್ಚುವುದು ಬೇಡ. ಅಮ್ಮನ ನಂಬರಿಗೆ ತಿಂಗಳು ತಿಂಗಳು ನಾನೇ ದುಡ್ಡು ಕಟ್ಟುತ್ತೇನೆ.

ಬಂದ್ ಮಾಡಿಸಬೇಡ ಎಂದಷ್ಟೇ ತಮ್ಮನಿಗೆ ಹೇಳಿದ್ದೇನೆ, ಯಾಕೆಂದು ಹೇಳಿಲ್ಲ. ಸಂಜೆ ನಾನು ಬಂದಾಗ ನೀವೂ ಈ ಮಾತು ತೆಗೆಯಬೇಡಿ.