ನಾಳೆ ನಡೆದ ಸಭೆ

ಮನೆಯಿಂದ,
ಶುಕ್ರವಾರ ಬೆಳಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಕೆಮ್ಮು ಕಡಿಮೆಯಾಯಿತಾ? ಬಾಡಿಗೆ ಕೋಣೆಯ ಕಿಟಕಿಗೆ ಗಾಜಿಲ್ಲ ಎಂದಿದ್ದೆ, ಒಂದು ರಟ್ಟನ್ನಾದರೂ ಅಡ್ಡ ಇಟ್ಟುಕೋ ಮಾರಾಯ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೂ ಹೂಂ, ಉಹೂಂ, ಎರಡೇ ಮಾತು. ಅದಕ್ಕೇ ಪತ್ರ. ಇದನ್ನು ಮಧ್ಯಾಹ್ನದ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ, ಸಂಜೆಯೊಳಗೆ ನಿನಗೆ ಸಿಗುತ್ತದೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಭಾವ ಮಾತ್ರ ಈಚೆಗೆ ನನ್ನಿಂದ ಒಂದು ಮಾರು ದೂರವೇ ಕೂರುತ್ತಾರೆ. ‘ನೀನು ಕಿರುಚಿದ್ರೆ ಭಯ ಇಲ್ಲ ಕಣೇ, ನಕ್ಕರೆ ಭಯ ಆಗುತ್ತೆ’ ಅಂತಾರೆ. ಸುಮ್ಮನೆ ಹೇಳುವುದಿಲ್ಲ ಅವರು.

ವಿಷಯ ಏನೆಂದರೆ, ನಾನು ನಿನ್ನ ಹಳೇ ಸೇವಾ ಸಂಘ ಸೇರಿ ನಾಲ್ಕು ತಿಂಗಳಾಯಿತು. ಸೇರಿದ್ದಷ್ಟೇ ಅಲ್ಲ, ನೀನು ಬಿಟ್ಟುಹೋದ ಪ್ರಚಾರ ಕಾರ್ಯದರ್ಶಿಯ ಕುರ್ಚಿಯಲ್ಲೇ ಕೂತಿದ್ದೇನೆ. ಬಾಯಿ ಮುಚ್ಚಿಕೋ, ನೊಣ ಹೋದೀತು. ಮೊದಲೇ ಹೇಳಿದ್ದರೆ ಬೇಡವೇ ಬೇಡ ಅಂತ ನನ್ನ ಕಾಲು ಹಿಡಿಯುತ್ತಿದ್ದೆ, ಅದಕ್ಕೇ ಹೇಳಲಿಲ್ಲ.

ಆ ಕಣ್ಣು ತಪಾಸಣೆ ಶಿಬಿರವನ್ನು ಮರೆಯಬೇಕೆಂದು ನೀನು ಊರು ಬಿಟ್ಟೆ. ನಾನು ಮರೆತಿಲ್ಲ, ಮರೆಯುವ ಪೈಕಿಯವಳೂ ಅಲ್ಲ. ನಮ್ಮ ವಾರಪತ್ರಿಕೆ ಅಚ್ಚಾಗುವುದು ಶುಕ್ರವಾರ, ಮನೆಗೆ ಬೀಳುವುದು ಭಾನುವಾರ. ಸಂಘದ ಕಾರ್ಯಕ್ರಮವೆಲ್ಲ ಶನಿವಾರ. ಹಾಗಾಗಿ ಇನ್ನೂ ನಡೆಯದ್ದನ್ನು ‘ಯಶಸ್ವಿಯಾಗಿ ನಡೆಯಿತು’ ಎಂದು ಬರೆದು ಕೊಡುವುದು ರೂಢಿ, ಅದೂ ನಮ್ಮ ನಡುಗಂಬವೇ ಹಾಕಿಕೊಟ್ಟ ರೂಢಿ. ನಡುಗಂಬ ಅಂದರೆ ಅಧ್ಯಕ್ಷರು. ಯಾವ ಫೋಟೋದಲ್ಲೂ ನಟ್ಟನಡುವೆ ನೆಟ್ಟಗೆ ನಿಲ್ಲುವ ಆಸಾಮಿಗೆ ನಿನ್ನ ಭಾವ ಇಟ್ಟ ಹೆಸರು. ಆ ಶನಿವಾರ ಡಾಕ್ಟರ ಗಾಡಿ ದಾರಿಯಲ್ಲೇ ಕೆಟ್ಟು ನಿಂತಿತು. ವಯಸ್ಸಾದವರೆಲ್ಲ ಸಭಾಂಗಣದ ಮೆಟ್ಟಿಲ ಮೇಲೆ ಮಧ್ಯಾಹ್ನದವರೆಗೆ ಕಾದು, ಬೈದುಕೊಂಡು ಮನೆಗೆ ಹೋದರು. ಭಾನುವಾರದ ಪತ್ರಿಕೆಯಲ್ಲಿ ನೋಡಿದರೆ ಅವರ ತಪಾಸಣೆಯೂ ಆಗಿತ್ತು, ಕನ್ನಡಕವೂ ಸಿಕ್ಕಿತ್ತು, ಅವರು ಅಧ್ಯಕ್ಷರನ್ನು ಕೊಂಡಾಡಿಯೂ ಆಗಿತ್ತು! ಊರು ರೇಗಿತು. ಆಗ ಆ ಮಹಾನುಭಾವ ತುಂಬಿದ ಸಭೆಯಲ್ಲಿ ಎದ್ದು, ‘ನನಗೇನ್ರೀ ಗೊತ್ತು? ಈ ಹುಡುಗ ತಾನಾಗೇ ಸುಳ್ಳು ಬರ್ದು ಕಳಿಸಿದಾನೆ’ ಎಂದು ನಿನ್ನ ಕಡೆ ಬೆರಳು ತೋರಿಸಿ ಕೈ ತೊಳೆದುಕೊಂಡಿತು. ಶಿಬಿರಕ್ಕೆ ಮುಂಚೆ ಫೋನಿನಲ್ಲಿ ‘ಇನ್ನೂ ಕಳಿಸಿಲ್ವೇನೋ?’ ಎಂದು ಕೂಗಾಡಿದ್ದೂ ಅದೇ ಬಾಯಿ. ನಾನು ನಿನ್ನ ಪಕ್ಕದಲ್ಲೇ ಊಟಕ್ಕೆ ಕೂತಿದ್ದೆ, ನನ್ನ ಕಿವಿಯಾರೆ ಕೇಳಿದ್ದೇನೆ. ನೀನು ನಿಜ ಹೇಳುವುದು ಬಿಟ್ಟು ಗಂಟುಮೂಟೆ ಕಟ್ಟಿದೆ. ಇವತ್ತಿಗೂ ಮೂಲೆ ಅಂಗಡಿಯವನು ಅಮ್ಮನನ್ನು ‘ಏನಮ್ಮಾ, ಮಗ ಹೊಸದಾಗಿ ಏನು ಸುದ್ದಿ ಹುಟ್ಟಿಸಿದ?’ ಎಂದು ಕೇಳಿ ಹಲ್ಲು ಕಿರಿಯುತ್ತಾನೆ. ಅಮ್ಮ ಈಗ ಹಿಂದಿನ ರಸ್ತೆಯಲ್ಲಿ ಸುತ್ತು ಹಾಕಿಕೊಂಡು ಬೇರೆ ಅಂಗಡಿಗೆ ಹೋಗುತ್ತಾಳೆ. ನನ್ನ ಹೊಟ್ಟೆ ಉರಿಯದೆ ಇನ್ನೇನಾದೀತು?

ನಿನ್ನ ಜಾಗಕ್ಕೆ ಯಾರೂ ಮುಂದೆ ಬರಲಿಲ್ಲ. ಅಲ್ಲಿ ಎಲ್ಲರಿಗೂ ಫೋಟೋದಲ್ಲಿ ಇರಬೇಕು, ತೆಗೆಯಲು ಯಾರಿಗೂ ಬೇಡ. ನಾನು ಅಧ್ಯಕ್ಷರ ಹತ್ತಿರ ಹೋಗಿ ತಲೆ ತಗ್ಗಿಸಿ, ‘ತಮ್ಮ ಮಾಡಿದ್ದಕ್ಕೆ ನಾನಾದ್ರೂ ನಾಲ್ಕು ದಿನ ದುಡೀತೀನಿ ಸಾರ್’ ಎಂದೆ. ಕರಗಿ ನೀರಾದರು! ಆ ಮಾತಾಡಿದ ನಾಲಗೆಯನ್ನು ಮನೆಗೆ ಬಂದು ಮೂರು ಸಲ ತೊಳೆದೆ ಕಣೋ. ಆಮೇಲೆ ಹಲ್ಲು ಕಚ್ಚಿಕೊಂಡು ದುಡಿದೆ. ಗುಂಪಿಗೆ ಮೆಸೇಜ್ ಹಾಕಿದೆ, ಪತ್ರಿಕೆಯವರನ್ನು ಮಾತಾಡಿಸಿ ಇಟ್ಟುಕೊಂಡೆ. ಆಸ್ಪತ್ರೆಗೆ ಹೋಗುವವರಿಗೆ ಸಂಘದ ಗಾಡಿ ಇದೆಯಲ್ಲ, ಅದರ ಪೋಸ್ಟರಿನಲ್ಲಿ ಅಧ್ಯಕ್ಷರ ಮುಖ ತಟ್ಟೆಯಷ್ಟು, ಫೋನ್ ನಂಬರ್ ಇರುವೆಯಷ್ಟು ಇತ್ತು. ನಂಬರನ್ನು ತಟ್ಟೆಯಷ್ಟು ಮಾಡಿಸಿ ಬಸ್ ನಿಲ್ದಾಣದಲ್ಲಿ ಅಂಟಿಸಿದೆ. ಈಗ ಗಾಡಿಗೆ ಬಿಡುವೇ ಇಲ್ಲ. ಮುಖ ಎಲ್ಲಿ ಎಂದು ಅಧ್ಯಕ್ಷರು ಕೇಳಿದರು. ಜಾಗ ಸಾಲಲಿಲ್ಲ ಸಾರ್ ಎಂದೆ. ಆದರೆ ಅಷ್ಟಕ್ಕೆಲ್ಲ ತಣ್ಣಗಾಗುವ ಹೊಟ್ಟೆಯಲ್ಲ ನನ್ನದು.

ನಾಳೆ ಸಂಜೆ ವಾರ್ಷಿಕ ಸಭೆ, ಊರಿಗೆಲ್ಲ ಕರೆ ಹೋಗಿದೆ. ಮೊನ್ನೆ ನಡುಗಂಬ ನನ್ನನ್ನು ಕರೆದು, ‘ಸಭೆ ಸುದ್ದಿ ಪತ್ರಿಕೆಗೆ ಕೊಟ್ಬಿಡಮ್ಮಾ. ನಾನೇನೋ ದೊಡ್ಡ ಮಾತಾಡಿದೆ ಅಂತ ನೀನೇ ಬರಿ, ಓದಿದವರಿಗೆ ಕಣ್ಣಲ್ಲಿ ನೀರು ಬರ್ಬೇಕು’ ಎಂದರು. ಅಷ್ಟೆಲ್ಲ ರಾದ್ಧಾಂತ ಆದಮೇಲೂ ಬುದ್ಧಿ ಬಂದಿಲ್ಲ ನೋಡು! ಬರೆದು ತಂದು, ‘ಒಂದ್ಸಲ ನೋಡಿಬಿಡಿ ಸಾರ್’ ಎಂದು ಮುಖದ ಮುಂದೆಯೇ ಹಿಡಿದೆ. ‘ನಾನ್ಯಾಕಮ್ಮಾ ನೋಡ್ಲಿ? ಫೋಟೋ ದೊಡ್ಡದಾಗಿ ಬಂದ್ರೆ ಸಾಕು’ ಎಂದು ಕೈ ಬೀಸಿದರು. ಆಯ್ತು ಸಾರ್ ಎಂದೆ. ಈಗ ಪ್ರೆಸ್ಸಿಗೆ ಹೋಗಿ ನೋಡಿಕೊಂಡು ಬರಬೇಕು.

ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮನ ಆಶೀರ್ವಾದ, ಭಾವನ ನೆನಪು ನಿನಗೆ ತಲುಪಲಿ. ನನ್ನ ಕಡೆಯಿಂದ ಬೆನ್ನಿಗೊಂದು ಗುದ್ದು, ತಲೆಯ ಮೇಲೊಂದು ಕೈ.

ನಿನ್ನ ಬೆನ್ನಿಗಿರುವ
ಅಕ್ಕ

ತಾ.ಕ.: ಪ್ರೆಸ್ಸಿನಿಂದ ಈಗ ಬಂದೆ, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಅಚ್ಚಾಗಿದೆ ಕಣೋ, ಮೊದಲ ಪುಟದಲ್ಲೇ! ‘ಕಣ್ಣಿನ ಶಿಬಿರದ ಸುದ್ದಿಯನ್ನು ಮೊದಲೇ ಕಳಿಸಲು ಹೇಳಿದ್ದು ನಾನು, ಆ ಹುಡುಗನದು ಏನೂ ತಪ್ಪಿಲ್ಲ ಎಂದು ಅಧ್ಯಕ್ಷರು ತುಂಬಿದ ಸಭೆಯಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿದರು.’ ಫೋಟೋನೂ ದೊಡ್ಡದಾಗಿದೆ. ನಾಳೆ ಅವರು ಮೈಕಿನ ಮುಂದೆ ನಿಂತ ಕೂಡಲೇ ಒಂದು ಪ್ರತಿ ಅವರ ಕೈಗಿಡುತ್ತೇನೆ. ಹಾಗೇ ಹೇಳಿದರೆ ಸರಿ. ಹೇಳದಿದ್ದರೆ, ಭಾನುವಾರ ಮನೆಮನೆಗೂ ಹೋಗಿ ಪತ್ರಿಕೆಯಲ್ಲಿ ಬಂದದ್ದು ಸುಳ್ಳು ಎಂದು ಅವರೇ ವಿವರಿಸಿಕೊಂಡು ಬರಲಿ! ಆದರೆ ಕೊನೆಯ ಸಾಲು ಒಂದಿದೆ, ಅದು ನನ್ನ ಕೈಲಿಲ್ಲ: ‘ಹಿಂದಿನ ಪ್ರಚಾರ ಕಾರ್ಯದರ್ಶಿ ವೇದಿಕೆಗೆ ಬಂದು ಅಧ್ಯಕ್ಷರನ್ನು ಕ್ಷಮಿಸಿದರು.’ ಕೆಳಗೆ ನನ್ನ ಹೆಸರಿದೆ. ಬೆಳಗಿನ ಮೊದಲ ಬಸ್ಸು ಹತ್ತು. ನೀನು ಬರದಿದ್ದರೆ, ಈ ಮನೆಯಿಂದ ಸುಳ್ಳು ಸುದ್ದಿ ಹೋಯಿತು ಎನ್ನುವುದು ಈ ಸಲ ನಿಜವಾಗುತ್ತದೆ.